ಇಳಿಯದ ನಾಡಿ

ಬಾಳೇಶನಿಗೆ ಈಗ ಜೋಡಿ ಇರಲಿಲ್ಲ. ಕೌಜಲಗಿಯ ಗರಡಿಮನೆಯಲ್ಲಿ ಅವನಿಗೆ ಸರಿಸಮನಾಗಿ ಕುಸ್ತಿ ಹಿಡಿಯುತ್ತಿದ್ದವನು ಮಾಳು ಒಬ್ಬನೇ. ಜಿಲ್ಲಾ ಪಂದ್ಯದಲ್ಲಿ ಒಂದು ಗರಡಿಯಿಂದ ಅವರ ತೂಕಕ್ಕೆ ಒಬ್ಬನಿಗಷ್ಟೇ ಜಾಗ. ಅದು ಬಾಳೇಶನಿಗೇ ಸಿಗಲಿ ಎಂದು, ಪಟ್ಟು ಕಲಿಸುವ ವಸ್ತಾದ ಗುರುಪಾದನೇ ಮಾಳುವನ್ನು ಮೂಡಲಗಿಯ ಗರಡಿಗೆ ಸಾಗಹಾಕಿದ್ದ.

ಪೈಲ್ವಾನರು ಹಾಸಿಗೆ ಬಿಟ್ಟು ಏಳುವ ಮೊದಲೇ ಮಣಿಕಟ್ಟು ಹಿಡಿದು ನಾಡಿ ನೋಡುವುದು ಗುರುಪಾದನ ಪದ್ಧತಿ. ಒಳ್ಳೆಯ ಪೈಲ್ವಾನನ ನಾಡಿ ಮಲಗಿದಾಗ ಹೊಟ್ಟೆ ತುಂಬಿದ ಎಮ್ಮೆಯ ನಡಿಗೆ. ಬೈಠಕ್ ಹೊಡೆದರೆ ಏರಬೇಕು, ಕೂತರೆ ಇಳಿಯಬೇಕು. ಬಾಳೇಶನದು ಈಚೆಗೆ ಕಣ್ಣು ಬಿಡುವ ಹೊತ್ತಿಗೇ ಓಡುತ್ತಿತ್ತು.

“ಏನ್ ಮಗನ, ಗುಟ್ಕಾ ಹಿಡದಿಯೇನು?”

“ಇಲ್ರಿ, ವಸ್ತಾದ್ರ.”

“ಹಂಗಾರ ಯಾವಕಿ ಅಕಿ?”

ಉಳಿದವರು ನಕ್ಕರು. ಬಾಳೇಶ ನಗಲಿಲ್ಲ, ನಾಚಲೂ ಇಲ್ಲ.

ಗುರುಪಾದ ಅವನ ಟ್ರಂಕು ಜಾಲಾಡಿದ. ಏನೂ ಸಿಗಲಿಲ್ಲ. ಕಸರತ್ತು ಹೆಚ್ಚಾಗಿರಬೇಕೆಂದು ಅಖಾಡದ ಮಣ್ಣಿಗಿಳಿಯದಂತೆ ಕೂರಿಸಿದ, ಬಾದಾಮಿ ಅರೆದ ಹಾಲು ಹೆಚ್ಚಿಸಿದ. ಹುಡುಗ ಗೋಡೆಗೆ ಮುಖ ಮಾಡಿ ಮಲಗಿದ. ಹಾಲು ಕೆನೆಗಟ್ಟಿತು. ನಾಡಿ ಇಳಿಯಲಿಲ್ಲ.

ನರ್ಸಿಂಗ್ ಓದುತ್ತಿದ್ದ ತನ್ನ ಮಗಳು ರಾಧಿಕಾ ಊರಿಗೆ ಬಂದಾಗ ಗುರುಪಾದ ಕೇಳಿದ. “ಜ್ವರಾ ಇಲ್ಲ, ಚಟಾ ಇಲ್ಲ. ನಾಡಿ ಯಾಕ ಹಿಂಗ ಓಡತೈತಿ?”

“ಮನಸ್ಸು ಕುಗ್ಗಿದ್ರೂ ಹಂಗ ಆಗಬಹುದಪ್ಪಾ. ಮೈ ಮಲಗಿದ್ರೂ ಎದಿ ಮಲಗೂದಿಲ್ಲ. ಯಾವಾಗಿಂದ ಐತಿ ಇದು?”

“ಮಾಳ್ಯಾ ಹೋದಾಗಿಂದ.” ಹೇಳಿದ ಮೇಲಷ್ಟೇ ಗುರುಪಾದನಿಗೆ ತನ್ನ ಮಾತು ಕೇಳಿಸಿತು. ಜೋಡಿ ಮುರಿದ ಎತ್ತು ಮೇವು ಬಿಡುತ್ತದೆ ಎಂದು ಗೊತ್ತಿದ್ದ ರೈತನೇ ಅವನು. ಗರಡಿಯೊಳಗೆ ಅದು ನೆನಪಾಗಿರಲಿಲ್ಲ.

ಮರುದಿನ ಬೈಕು ಹತ್ತಿ ಮೂಡಲಗಿಗೆ ಹೋದ. ಮಾಳು ಗರಡಿಯಲ್ಲಿರಲಿಲ್ಲ. ಹೊಲವೊಂದರಲ್ಲಿ ಟ್ರ್ಯಾಕ್ಟರಿಗೆ ಕಬ್ಬು ಹೇರುತ್ತಿದ್ದ.

“ಹಿಂದ ಬಾರಲೇ. ಬಾಳ್ಯಾ ಹಾಸಿಗಿ ಹಿಡದಾನ.”

“ಅಂವಗ ಜಾಗಾ ಆಗ್ಲಿ ಅಂತ ನನ್ನ ಕಳಿಸಿದ್ರಿ. ಈಗ ಅಂವಗ ಔಷಧ ಆಗ್ಲಿ ಅಂತ ಕರಿಯಾಕ ಬಂದೀರಿ. ನನ್ನ ಸಲುವಾಗಿ ಯಾವಾಗ ಬರ್ತೀರಿ, ವಸ್ತಾದ್ರ?” ಮಾಳು ಹೊರೆ ಎತ್ತಿದ. “ನಾ ಮಣ್ಣ ಬಿಟ್ಟೀನ್ರಿ.”

ಗುರುಪಾದ ಅವನ ಮಣಿಕಟ್ಟಿಗೆ ಕೈ ಚಾಚಿದ. ಮಾಳು ಕೊಡಲಿಲ್ಲ.

ರಾಧಿಕಾ ಬಾಳೇಶನನ್ನು ಗೋಕಾಕದಲ್ಲಿ ಮನೋವೈದ್ಯರಿಗೆ ತೋರಿಸಿ, ತುಕ್ಕಾನಟ್ಟಿಯ ಅವನ ಮನೆಗೆ ಬಿಟ್ಟು ಬಂದಳು. ಗುಳಿಗೆ ಶುರುವಾದವು. ಗರಡಿಗೆ ಮತ್ತೆ ಬರುವುದಿಲ್ಲ ಎಂದು ಅವನ ಅವ್ವ ಹೇಳಿ ಕಳಿಸಿದಳು. ಪಂದ್ಯದ ದಿನ ಆ ತೂಕದಲ್ಲಿ ಕೌಜಲಗಿಯಿಂದ ಯಾರೂ ಅಖಾಡಕ್ಕೆ ಇಳಿಯಲಿಲ್ಲ.

ಗುರುಪಾದ ಕಳೆದುಕೊಂಡದ್ದು ಒಂದು ಜಾಗ, ಇಬ್ಬರು ಪೈಲ್ವಾನರು.