ಬೋರ್ಡಿನ ಮೇಲಿನ ಹನ್ನೆರಡು ಕುರಿ

ಉಗುರಿನ ಸಂದಿನಲ್ಲಿ ಸೀಮೆಸುಣ್ಣ ಇನ್ನೂ ಕೂತಿದೆ, ಮೂರು ಸಲ ಕೈ ತೊಳೆದರೂ ಹೋಗಿಲ್ಲ, ಇದು ಇವತ್ತಿನದೋ ಮಂಗಳವಾರದ್ದೋ — ಮಂಗಳವಾರದ್ದೇ ಇರಬೇಕು ಅಂದುಕೊಂಡ ಗಂಗಾಧರಪ್ಪ, ಕೆರೆ ಏರಿಯ ಮೇಲೆ ಬಿರಬಿರನೆ ನಡೆಯುತ್ತಾ, ಸಂಜೆ ಬಿಸಿಲು ಕಣ್ಣಿಗೇ ಹೊಡೆಯುತ್ತಿದೆ, ಏರಿ ಇಳಿದರೆ ಗೊಲ್ಲರಹಟ್ಟಿ, ಅಲ್ಲಿ ಚಿತ್ತಮ್ಮ, ಮೂರನೇ ಕ್ಲಾಸು, ಹಾಜರಿ ಪುಸ್ತಕದಲ್ಲಿ ಹದಿನೇಳನೇ ನಂಬರು; ಬುಧವಾರ ಹದಿನೇಳು ಅಂತ ಕೂಗಿದರೆ ಉತ್ತರವಿಲ್ಲ, ಗುರುವಾರ ಇಲ್ಲ, ಶುಕ್ರವಾರ ಇಲ್ಲ, ಇವತ್ತು ಶನಿವಾರದ ಬೆಳಗಿನ ಶಾಲೆಯಲ್ಲಿ ಹದಿನಾರರಿಂದ ಸೀದಾ ಹದಿನೆಂಟಕ್ಕೆ ಹಾರಿಬಿಟ್ಟ, ಕೂಗುವ ಧೈರ್ಯವಾಗಲಿಲ್ಲ. ಹಟ್ಟಿಯಿಂದ ಶಾಲೆಗೆ ಬಂದ ಮೊದಲ ಹುಡುಗಿ, ಅವಳನ್ನು ನೋಡಿ ಇನ್ನೂ ಇಬ್ಬರನ್ನು ಕಳಿಸುತ್ತೇವೆ ಅಂದಿದ್ದರು, ಈಗ ಅವಳೇ ಇಲ್ಲ. ತಪ್ಪಾಯಿತು ಅನ್ನಬೇಕು, ಅಷ್ಟೇ, ತಪ್ಪಾಯಿತು ಚಿತ್ತಮ್ಮ, ಶಾಲೆಗೆ ಬಾ — ಬಿ.ದುರ್ಗದ ತನ್ನ ಮನೆಯಲ್ಲಿ ಹೆತ್ತ ಅಪ್ಪನಿಗೂ ಈ ಮಾತು ಅಂದವನಲ್ಲ, ಎಂಟು ವರ್ಷದ ಹುಡುಗಿಗೆ ಹೇಗೆ ಅನ್ನುವುದು.

ಎಷ್ಟು ಜಂಬ ಇತ್ತು ಅವತ್ತು, ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ, ಚಿತ್ರದುರ್ಗದಲ್ಲಿ ಮೂರು ದಿನದ ತರಬೇತಿ, ಮಗುವಿನ ಮನೆಯಿಂದಲೇ ಪಾಠ ಶುರುವಾಗಬೇಕು ಅಂದಿದ್ದರು, ಇವನು ನೋಟುಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡೆರಡು ಗೆರೆ ಎಳೆದಿದ್ದ, ಕ್ಲಾಸಿನಲ್ಲಿ ಕನ್ನಡದವರಿದ್ದಾರೆ, ತಾಂಡಾದವರಿದ್ದಾರೆ, ಉರ್ದುವಿನ ಇಬ್ಬರಿದ್ದಾರೆ, ಮನೆಯಲ್ಲಿ ತೆಲುಗು ಆಡುವ ಈ ಚಿತ್ತಮ್ಮ ಒಬ್ಬಳೇ, ಲೆಕ್ಕ ಅಂದರೆ ಬಾಯಿಗೆ ಬೀಗ, ಸರಿ, ಭಾಷೆಯದೇ ತೊಂದರೆ ಅಂತ ತೀರ್ಮಾನ ಮಾಡಿಬಿಟ್ಟ ಮಹಾಶಯ. ಹಿರಿಯೂರು ಬಸ್‌ಸ್ಟಾಂಡಿನ ಹೋಟ್ಲು ರಂಗಪ್ಪನ ಹತ್ತಿರ ಎರಡು ಟೀ ಕುಡಿದು ತೆಲುಗಿನ ಎಣಿಕೆ ಕಲಿತದ್ದು, ಒಕಟಿ ರೆಂಡು ಮೂಡು, ಬಸ್ಸಿನಲ್ಲಿ ಜವನಗೊಂಡನಹಳ್ಳಿಯವರೆಗೂ ತುಟಿ ಅಲ್ಲಾಡಿಸುತ್ತಾ ಬಂದದ್ದು, ಸೋಮವಾರ ಸಂಜೆ ಇದೇ ಏರಿಯ ಮೇಲೆ ನಿಂತು ಚಿತ್ತಮ್ಮನ ಮನೆಯವರ ಮಂದೆ ಹಟ್ಟಿಗೆ ತಿರುಗುವುದನ್ನು ಕಾದು ಒಂದೂ ಬಿಡದೆ ಎಣಿಸಿದ್ದು — ಇಲ್ಲೇ, ಈ ಕಲ್ಲಿನ ಹತ್ತಿರ, ಕಳ್ಳನ ಹಾಗೆ. ಈ ತಾಲ್ಲೂಕಿನಲ್ಲಿ ಇಷ್ಟು ಮುತುವರ್ಜಿ ಇರುವ ಮೇಷ್ಟ್ರು ಇನ್ನೊಬ್ಬನಿಲ್ಲ ಅಂತ ತನಗೆ ತಾನೇ ಬೆನ್ನು ತಟ್ಟಿಕೊಂಡಿದ್ದ, ಇನ್‌ಸ್ಪೆಕ್ಟರು ಬಂದಾಗ ತೋರಿಸಬೇಕು ಅಂತಲೂ.

ಮಂಗಳವಾರ ಬೋರ್ಡಿನ ಮೇಲೆ ಹನ್ನೆರಡು ಕುರಿ ಬರೆದ, ಕೊಂಬು, ಬಾಲ, ಒಂದಕ್ಕೆ ಗಂಟೆ ಕೂಡ, ಮಕ್ಕಳೆಲ್ಲ ಖುಷಿಯಾಗಿ ಮುಂದೆ ಮುಂದೆ ಸರಿದರು, ಇವು ಯಾರ ಮನೆಯವು ಹೇಳಿ, ನಮ್ಮ ಚಿತ್ತಮ್ಮನ ಮನೆಯವು, ಎಣಿಸಮ್ಮ, ನಿನ್ನ ಭಾಷೆಯಲ್ಲೇ ಎಣಿಸು — ಅವಳು ತಲೆ ಅಲ್ಲಾಡಿಸಿದಳು, ಇವನು ನಕ್ಕ, ನಾನೇ ಎಣಿಸುತ್ತೇನೆ ಬಾ ಅಂತ ಬೆರಳು ಇಟ್ಟು ಇಟ್ಟು ಒಕಟಿ, ರೆಂಡು, ಅವಳು ಬ್ಯಾಡ್ರಿ ಸಾ, ಮೂಡು, ಬ್ಯಾಡ್ರಿ ಸಾ, ನಾಲುಗು, ಇದು ಹನ್ನೆರಡು, ಮನೆಯಲ್ಲಿರೋದು ಒಟ್ಟು ನಲವತ್ತಮೂರು, ನಾನೇ ನಿಂತು ಎಣಿಸಿದ್ದೀನಿ! ಆಗಲೇ ಅವಳು ಎದ್ದು ಬಂದದ್ದು, ಅಷ್ಟು ಮೆತ್ತಗಿನ ಹುಡುಗಿ, ಬೋರ್ಡಿಗೆ ಅಂಗೈ ಒತ್ತಿ ಕುರಿಗಳನ್ನೆಲ್ಲ ಒರೆಸಿಬಿಟ್ಟಳು, ನಿಧಾನಕ್ಕಲ್ಲ, ಬೆಂಕಿ ಆರಿಸುವವಳ ಹಾಗೆ, ಅಂಗೈ ಬೆಳ್ಳಗಾಯಿತು, ಹಿಂದಿನ ಸಾಲಿನಲ್ಲಿ ಯಾವನೋ ಬ್ಯಾ ಅಂದ, ಕ್ಲಾಸೇ ನಕ್ಕಿತು, ಇವನ ಎರಡು ದಿನದ ಕಷ್ಟ, ಇವನ ಒಳ್ಳೆಯತನ, ಎಲ್ಲ ಒಂದು ಕೈಯಲ್ಲಿ ಒರೆಸಿಹೋಯಿತಲ್ಲ ಅಂತ ಉರಿದುಹೋಯಿತು, ಕೈ ನೀಡು ಅಂದ. ನೀಡಿದಳು. ರೂಲುದೊಣ್ಣೆಯಲ್ಲಿ ಎರಡು ಏಟು, ಒಂದೊಂದು ಏಟಿಗೂ ಆ ಅಂಗೈಯಿಂದ ಬಿಳಿ ಪುಡಿ ಹಾರಿತು, ಹೋಗು, ಕುರಿ ಕಾಯೋಕೇ ಲಾಯಕ್ಕು ನೀನು ಅಂದ, ಅಂದೇಬಿಟ್ಟ, ಅವಳು ಹಾಗೇ ಹೋದಳು, ಸ್ಲೇಟು ಬೆಂಚಿನ ಮೇಲೇ ಉಳಿಯಿತು, ಅದೀಗ ಇವನ ಕಂಕುಳಲ್ಲಿದೆ.

ಹೆಡ್‌ಮೇಷ್ಟ್ರು ಗೋವಿಂದಯ್ಯ ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು, ಎಲೆಅಡಿಕೆ ಮಡಿಸುತ್ತಾ ಕೇಳಿದರು, ಏನಪ್ಪ ಗಂಗಾಧರಪ್ಪ, ಆ ಹುಡ್ಗಿ ಅಪ್ಪ ಪಾಲಣ್ಣನ ಮಂದೆ ಎಣಿಸ್ದೆಯಂತೆ? ಅವ್ರು ಯಾವತ್ತೂ ಕುರಿ ಎಣಿಸಲ್ಲ ಕಣಯ್ಯ, ಎಣಿಸಿದ್ರೆ ಮಂದೆ ಕರಗ್ತೈತೆ ಅಂತ ಅವ್ರ ನಂಬಿಕೆ, ಇಪ್ಪತ್ತು ವರ್ಷ ಆತು ನಾನಿಲ್ಲಿ ಬಂದು, ನನ್ನ ಒಂದು ಮಾತು ಕೇಳಬಾರ್ದಾಗಿತ್ತಾ? ಕೇಳಬಾರದಾಗಿತ್ತಾ, ರಂಗಪ್ಪನನ್ನು ಕೇಳಿದೆ, ನೋಟುಬುಕ್ಕನ್ನು ಕೇಳಿದೆ, ಆ ಹುಡುಗಿಯನ್ನೇ ಕೇಳಲಿಲ್ಲ, ಬ್ಯಾಡ್ರಿ ಸಾ ಅಂತ ಎರಡು ಸಲ ಕನ್ನಡದಲ್ಲೇ ಹೇಳಿದಳಲ್ಲ, ಅಚ್ಚ ಕನ್ನಡದಲ್ಲಿ, ಥೂ ನಿನ್ನ.

ಹಟ್ಟಿಯ ಮುಳ್ಳುಬೇಲಿ ಬಂತು, ಚಪ್ಪಲಿ ಹೊರಗೇ ಬಿಡಬೇಕು, ಇದು ಗೊತ್ತು, ಇಷ್ಟಾದರೂ ಗೊತ್ತು, ಬರಿಗಾಲಿಗೆ ಹಿಕ್ಕೆ ಮೆತ್ತಗೆ ಬೆಚ್ಚಗೆ, ಚಿತ್ತಮ್ಮನ ತಾಯಿ ಯಲ್ಲಕ್ಕ ಓಡಿಬಂದು ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ, ಮಜ್ಜಿಗೆ ಕುಡೀರಿ ಅನ್ನುತ್ತಿದ್ದಾಳೆ, ಒಂದು ಕೊಂಕು ಮಾತಿಲ್ಲ, ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿ, ನಮ್ಮ ಹುಡ್ಗಿ ಓದ್ಲಿ ಸಾಮಿ, ಅವ್ಳಪ್ಪನ್ನ ನಾನು ಒಪ್ಪಿಸ್ತೀನಿ, ನೀವು ಏನಾರ ಎಣಿಸ್ಕಳ್ರಿ, ಕಲ್ಲು ಎಣಿಸ್ರಿ, ಹುಣಸೆಬೀಜ ಎಣಿಸ್ರಿ, ಕುರಿ ಮಾತ್ರ ಬ್ಯಾಡ್ರಿ. ಹೂಂ ಅನ್ನುತ್ತಾನೆ, ಕಣ್ಣು ಮಾತ್ರ ಕುರಿ ರೊಪ್ಪದ ಬಾಗಿಲಿಗೆ, ಅಲ್ಲಿ ಚಿತ್ತಮ್ಮ ನಿಂತಿದ್ದಾಳೆ, ಒಳಗೆ ಹೋಗುವ ಒಂದೊಂದು ಕುರಿಯ ಬೆನ್ನನ್ನೂ ಅಂಗೈಯಿಂದ ಮುಟ್ಟುತ್ತಾ, ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾ, ಕರಿಯದಕ್ಕೊಂದು, ಕುಂಟುವುದಕ್ಕೊಂದು, ತಬ್ಬಲಿ ಮರಿಗೊಂದು, ಕೊನೆಯದು ಒಳಗೆ ಹೋದದ್ದೇ ತಟ್ಟನೆ ತಿರುಗಿ ಅಮ್ಮನಿಗೆ ತೆಲುಗಿನಲ್ಲಿ ಕೂಗಿದಳು, ಬೊಲ್ಲಿ ಬಂದಿಲ್ಲ ಅಂತಿರಬೇಕು, ಯಲ್ಲಕ್ಕ ಬೊಲ್ಲೀ ಬೊಲ್ಲೀ ಅನ್ನುತ್ತಾ ಬೇಲಿಯಾಚೆ ಓಡಿದಳು, ಎಣಿಸದೆಯೇ ಗೊತ್ತಾಯಿತು ಈ ಹುಡುಗಿಗೆ, ಒಂದು ಕಡಿಮೆಯಾದದ್ದು, ಯಾವುದು ಅಂತ ಕೂಡ, ಮತ್ತೆ ತಾನು ಮೂರು ದಿನ ಕೂಗಿದ್ದು ಹೆಸರಲ್ಲ, ಹದಿನೇಳು, ಹದಿನೇಳು.

ಈಗ ಹೇಳಬೇಕು, ಸ್ಲೇಟು ಕೊಟ್ಟು ಹೇಳಬೇಕು, ತಪ್ಪಾ — ಅವಳು ನೋಡಿದಳು ಇವನನ್ನು, ಓಡಲಿಲ್ಲ, ಅಳಲಿಲ್ಲ, ಲಂಗಕ್ಕೆ ಕೈ ಒರೆಸಿಕೊಂಡಳು, ಎರಡು ಹೆಜ್ಜೆ ಮುಂದೆ ಬಂದಳು, ಸ್ಲೇಟಿನ ಮರದ ಅಂಚು ಕಂಡಿರಬೇಕು ಇವನ ಕಂಕುಳಲ್ಲಿ, ರೂಲುದೊಣ್ಣೆ ಅಂದುಕೊಂಡಳೋ, ಅಲ್ಲ ಚಿತ್ತಮ್ಮ, ನಾನು ಬಂದದ್ದು ಅದಕ್ಕಲ್ಲ, ನಾನು — ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಚಿತ್ತಮ್ಮ ಬಲಗೈ ಮುಂದಕ್ಕೆ ನೀಡಿದಳು, ಅಂಗೈ ಮೇಲೆ ಮಾಡಿ, ಅದೇ ಅಂಗೈ, ಪುಟ್ಟದು, ನೀಡಿ ಕಾಯುತ್ತಿದೆ, ಅದೇ ಅಂಗೈ.