ಅಡ್ಡಡ್ಡ ಓಡುವ ಕಾರಿನ ಕಥೆಯನ್ನು ನೇರವಾಗಿ ಹೇಳುವ ಪ್ರಯತ್ನ

೧

ಎಲ್ಲಿಂದ ಶುರು ಮಾಡಲಿ? ಸಾವಿನಿಂದ ಶುರು ಮಾಡಿದರೆ ನೀವು ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತೀರಿ, ಆಮೇಲೆ ನಗಿಸುವುದು ಕಷ್ಟ. ಕಾರಿನಿಂದ ಶುರು ಮಾಡಿದರೆ ಆಟಿಕೆ ಅಂಗಡಿಯ ಜಾಹೀರಾತು ಎಂದು ಪುಟ ಮಗುಚುತ್ತೀರಿ.

ಮೊದಲ ಡ್ರಾಫ್ಟ್ ಹೀಗಿತ್ತು: 'ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ, ಅವಳ ಕಣ್ಣಂಚಿನಲ್ಲಿ ಒಂದು ಹನಿ...'

"ಹನಿಗಿನಿ ಏನೂ ಇರ್ಲಿಲ್ಲ," ಎಂದಳು ಅವಳು. (ಅವಳೇ ಈ ಕಥೆಯ ನಾಯಕಿ. ಮಾತು ಕಡಿಮೆ. ಆಡಿದರೆ ನನ್ನ ವಾಕ್ಯಗಳ ಮೇಲೇ ಆಡುತ್ತಾಳೆ.) "ಹಾಲು ಉಕ್ಕಿತ್ತು. ಒಲೆ ಒರೆಸ್ತಿದ್ದೆ. ಅದನ್ನ ಬರಿ."

ಸರಿ. ಹಾಲು ಉಕ್ಕಿತ್ತು. ಅವಳು ಒಲೆ ಒರೆಸುತ್ತಿದ್ದಳು. ಅಳು ಬರುತ್ತಿರಲಿಲ್ಲ. ಹಸಿವೂ ಬರುತ್ತಿರಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ನಿಂತಂತೆ, ನೆಲ ಇದೆ ಎಂದು ಗೊತ್ತು, ಅಷ್ಟೆ.

(ಮರೆತು ಅವನ ಲೋಟಕ್ಕೂ ಹಾಲು ಬಗ್ಗಿಸಿದಳು ಎಂದು ಬರೆದಿದ್ದೆ. ಅಂಥ ಲೋಟ ಎಲ್ಲ ಕಥೆಗಳಲ್ಲೂ ಇರುತ್ತದೆ. ಹೊಡೆದುಹಾಕಿದ್ದೇನೆ.)

ಅವನು ಹೇಗೆ ಸತ್ತ ಎಂದು ಕೇಳಬೇಡಿ. ಮೂರು ಡ್ರಾಫ್ಟಿನಲ್ಲೂ ಸಾಯುತ್ತಾನೆ.

೨

ಫೋನು ಬಂತು. ಗಂಡನ ಸ್ನೇಹಿತ, ಹಲ್ಲಿನ ಡಾಕ್ಟರು.

"ಅತ್ತಿಗೆ, ಕೇಳೋಕೆ ನಾಚಿಕೆ ಆಗುತ್ತೆ. ನನ್ನ ರಿಮೋಟು ಅವನ ಹತ್ರ ಉಳ್ಕೊಂಡಿದೆ."

"ಟಿವೀದಾ?"

"ಅಯ್ಯೋ, ಕಾರಿಂದು! ಅವನ್ದು ಕೆಟ್ಟೋಗಿತ್ತು ಅಂತ ಇಸ್ಕೊಂಡಿದ್ದ. ಭಾನುವಾರ ನಮ್ಮ ಸ್ಪರ್ಧೆ ಇದೆ. ಅವಸರ ಇಲ್ಲ... ಅಂದ್ರೆ, ಭಾನುವಾರದ ತನಕ ಇಲ್ಲ."

ಇಲ್ಲಿ ವಿವರಣೆ ಬೇಕು, ಸಹಿಸಿಕೊಳ್ಳಿ. ಮುಚ್ಚಿಹೋದ ಒಂದು ಫರ್ನಿಚರ್ ಅಂಗಡಿಯ ನೆಲಮಾಳಿಗೆಯಲ್ಲಿ ಮೀಸೆ ಬಂದ ಗಂಡಸರು ಸಂಜೆ ಹೊತ್ತು ಸೇರಿ, ಮೊಳದುದ್ದದ ಕಾರುಗಳನ್ನು ರಿಮೋಟಿನಲ್ಲಿ ಓಡಿಸುತ್ತಿದ್ದರು. ಓಡಿಸುವುದಕ್ಕಿಂತ ಜಾರಿಸುತ್ತಿದ್ದರು ಎನ್ನಬೇಕು. ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸಿ ಕಾರನ್ನು ಅಡ್ಡಡ್ಡವಾಗಿ ಕೊಂಡೊಯ್ಯುವುದಕ್ಕೆ ಡ್ರಿಫ್ಟ್ ಎನ್ನುತ್ತಾರೆ. 'ಒಂದ್ಸಲ ಬಂದು ನೋಡೇ' ಎಂದು ಅವನು ಕರೆಯುತ್ತಲೇ ಇದ್ದ. ಅವಳು 'ಮುಂದಿನ ವಾರ' ಎನ್ನುತ್ತಲೇ ಇದ್ದಳು.

೩

ಕಾರು ಅವನ ಮೇಜಿನ ಮೇಲೆ ಚಿಪ್ಪು ಕಳಚಿ ಕೂತಿತ್ತು. ಕಂಪನಿ ಕೊಟ್ಟ ಪ್ಲಾಸ್ಟಿಕ್ ಭಾಗಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಅವನು ಲೋಹದವನ್ನು ಹಾಕಿದ್ದ: ಚಕ್ರ ಹಿಡಿಯುವ ತೋಳುಗಳು, ಅವು ತಿರುಗುವ ಕೀಲುಗಳು, ಹಿಂದಿನ ಚಕ್ರ ತಿರುಗಿಸುವ ಶಾಫ್ಟು. ಎಲ್ಲ ನೀಲಿ ಅಲ್ಯೂಮಿನಿಯಂ, ಮಿರಮಿರ. ಸ್ಟಿಯರಿಂಗ್ ತಿರುಗಿಸುವ ಪುಟ್ಟ ಮೋಟಾರಿನ ತಲೆಯ ಮೇಲೆ ಮಾತ್ರ ಕಿರುಬೆರಳ ಉಗುರಿನಷ್ಟು ಕಪ್ಪು ಪ್ಲಾಸ್ಟಿಕ್ ಕಡ್ಡಿ ಉಳಿದಿತ್ತು. ಅದರ ಲೋಹದ ಜೋಡಿ ಪಕ್ಕದಲ್ಲೇ ಇತ್ತು, ಪ್ಯಾಕೆಟ್ ಒಡೆಯದೆ.

ಅವಳಿಗೆ ಒಂದು ಆಸೆ ಹುಟ್ಟಿತು. (ಬಹಳ ದಿನಗಳ ಮೇಲೆ ಹುಟ್ಟಿದ್ದು, ಸದ್ದು ಮಾಡಬೇಡಿ.) ರಿಮೋಟು ವಾಪಸ್ ಹೋಗುವ ಮೊದಲು ಅವನು ಅರ್ಧಕ್ಕೆ ಬಿಟ್ಟಿದ್ದನ್ನು ತಾನು ಮುಗಿಸಬೇಕು. ಕಾರು ಒಂದೇ ಒಂದು ಸುತ್ತು ಜಾರುವುದನ್ನು ನೋಡಬೇಕು.

"ಏನೇ ಅದು, ಬೆಳಬೆಳಗ್ಗೆ ಸ್ಕ್ರೂಡ್ರೈವರ್ ಹಿಡ್ಕೊಂಡು?" ಅತ್ತೆ ಬಂದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಇಡೀ ಬೀದಿಗೆ ಕೇಳುವ ಗಂಟಲು. ಅಂತ್ಯಕ್ರಿಯೆಯ ನಂತರ ಆ ಗಂಟಲು ಕೇಳಿದ್ದು ಇದೇ ಮೊದಲು.

"ಒಂದು ಬಾಕಿ ಇದೆ ಅತ್ತೆ. ಹಾಕಿಬಿಡ್ತೀನಿ."

"ಅವನು ಯಾವ ಕೆಲ್ಸ ಪೂರ್ತಿ ಮುಗ್ಸಿದ್ದ ಹೇಳು? ಹಾಕು, ಹಾಕು. ಟಾರ್ಚ್ ನಾನು ಹಿಡೀತೀನಿ."

ಅತ್ತೆ ಟಾರ್ಚನ್ನು ಸೊಸೆಯ ಕಣ್ಣಿಗೇ ಬಿಟ್ಟರು. ಪ್ಲಾಸ್ಟಿಕ್ ಕಡ್ಡಿ ಕಳಚಿತು, ಲೋಹದ್ದು ಕೂತಿತು. ಕಾರು ಸಂಪೂರ್ಣ.

೪

ಇಲ್ಲೇ ಮುಗಿಸಬಹುದಿತ್ತು. ಪತ್ನಿ, ಪತಿಯ ಅಪೂರ್ಣ ಕನಸು, ನೀಲಿ ಹೊಳಪು. ನನ್ನ ಎರಡನೆಯ ಡ್ರಾಫ್ಟ್ ಇಲ್ಲೇ ಮುಗಿದು ತನ್ನ ಬೆನ್ನು ತಾನೇ ತಟ್ಟಿಕೊಂಡಿತ್ತು.

"ಆಮೇಲೆ ಗೋಡೆಗೆ ಗುದ್ದಿದ್ದು?" ಎಂದಳು ಅವಳು.

ಹೌದು, ಗುದ್ದಿತು. ಭಾನುವಾರ ಸ್ಪರ್ಧೆಗೆ ಮುಂಚೆ ಅತ್ತೆ ಸೊಸೆ ನೆಲಮಾಳಿಗೆಗೆ ಹೋದರು. ನುಣ್ಣನೆಯ ನೆಲ, ಟೇಪು ಅಂಟಿಸಿದ ತಿರುವುಗಳು. ಅವಳು ರಿಮೋಟಿನ ಟ್ರಿಗರ್ ಒತ್ತಿದಳು. ಕಾರು ಯಾರ ಮಾತೂ ಕೇಳದೆ ನೆಟ್ಟಗೆ ಹೋಗಿ ಗೋಡೆಗೆ ಬಡಿಯಿತು. ಎತ್ತಿ ನೋಡಿದರೆ ನೀಲಿ ಲೋಹಕ್ಕೆ ಒಂದು ಗೀರೂ ಇಲ್ಲ. ಆದರೆ ಸ್ಟಿಯರಿಂಗ್ ಮೋಟಾರು ಒಳಗೊಳಗೇ ಕಟಕಟ ಎನ್ನುತ್ತಿತ್ತು.

ಡಾಕ್ಟರು ಅದನ್ನು ಬಿಚ್ಚಿ, ಕ್ಲಿನಿಕ್ಕಿನಿಂದ ತಂದ ಪುಟ್ಟ ಕನ್ನಡಿ ತೂರಿಸಿ ಇಣುಕಿದರು. "ಗೇರಿನ ಹಲ್ಲೆಲ್ಲ ಉದುರಿದೆ. ನನ್ನ ಹತ್ರ ಬಂದ್ರೂ ಕಟ್ಟಿಸೋಕಾಗಲ್ಲ. ಅತ್ತಿಗೆ, ಆ ಕಪ್ಪು ಕಡ್ಡಿ ಎಲ್ಲಿ?"

"ತೆಗ್ದೆ. ಅದೊಂದೇ ಉಳ್ದಿತ್ತು."

"ಉಳ್ದಿದ್ದಲ್ಲ, ಅವನೇ ಉಳ್ಸಿದ್ದು! ಲೋಹದ್ದು ಸೆಟ್ಟಿನ ಜೊತೆ ಬರುತ್ತೆ, ಅಷ್ಟೆ. ಎಲ್ಲಾ ಲೋಹ ಆದ್ರೆ ಗುದ್ದಿದ ಏಟು ಎಲ್ಲಿಗೆ ಹೋಗ್ಬೇಕು? ಸೀದಾ ಒಳಗೆ. ಅದಕ್ಕೇ ಒಂದನ್ನ ಪ್ಲಾಸ್ಟಿಕ್ಕೇ ಬಿಡೋದು. ಅದು ಮುರೀಲಿ, ಉಳಿದಿದ್ದು ಬದುಕ್ಕೊಳ್ಳಲಿ ಅಂತ."

(ಓದುಗರೇ, ನಿಮಗೆ ಇಲ್ಲಿ ರೂಪಕ ಕಂಡಿದ್ದರೆ ದಯವಿಟ್ಟು ಕಾಣದವರಂತೆ ನಟಿಸಿ. ಅವಳಿಗೆ ರೂಪಕ ಎಂದರೆ ಆಗುವುದಿಲ್ಲ. ಅದರ ಮೇಲೆ ಪ್ರಬಂಧ ಬರೆದೇ ಡಿಗ್ರಿ ತೆಗೆದುಕೊಂಡವಳು.)

ಆದರೆ ಅವಳಿಗೆ ನಗು ಬಂತು. ಎಷ್ಟು ಶ್ರದ್ಧೆಯಿಂದ ಹಾಳು ಮಾಡಿದ್ದಳು! ನಗು ಹೊಟ್ಟೆಯಿಂದ ಬಂದು, ಕಣ್ಣಿಗೆ ಹೋಗಿ, ಅಲ್ಲಿ ನೀರಾಯಿತು.

"ಈಗ ಬರಿ ನಿನ್ನ ಹನಿ," ಎಂದಳು.

ಬರೆದೆ. ಒಂದೇ ಹನಿಯಲ್ಲ. ಮೂಗೂ ಸೋರುತ್ತಿತ್ತು.

೫

ಡಾಕ್ಟರು ತಮ್ಮ ಬಳಿಯಿದ್ದ ಹಳೆಯ ಮೋಟಾರು ಕೂರಿಸಿದರು. ಕಪ್ಪು ಕಡ್ಡಿಯನ್ನು ಅತ್ತೆ ತಮ್ಮ ಪರ್ಸಿನಿಂದ ತೆಗೆದರು. ("ಮಗ ಮುಟ್ಟಿದ್ದು ಅಂತ ಎತ್ತಿಟ್ಕೊಂಡಿದ್ದೆ. ತಗೊಳ್ಳಿ.") ಅವಳು ಮತ್ತೆ ಟ್ರಿಗರ್ ಒತ್ತಿದಳು, ಕಾರು ಹೊರಟಿತು. ಮೊದಲ ತಿರುವಿನಲ್ಲಿ ಬಾಲ ಬೀಸಿ, ಅಡ್ಡಡ್ಡ ತಿರುಗಿ, ಬೆಣ್ಣೆಯ ಮೇಲೆ ಬೆರಳಾಡಿಸಿದಂತೆ ಜಾರಿತು.

"ಅಯ್ಯೋ, ನೆಟ್ಟಗೆ ಹೋಗೋ ಕಾರು ಸಿಗ್ಲಿಲ್ವೇನೇ ಇವನಿಗೆ!" ಅತ್ತೆ ಕೂಗಿದರು. "ಬಲಕ್ಕೆ ಬರ್ಲಿ! ಬರ್ಲಿ, ಬರ್ಲಿ... ರೈಟ್, ರೈಟ್!" ನೆಲಮಾಳಿಗೆಯ ಗಂಡಸರೆಲ್ಲ ತಿರುಗಿ ನೋಡಿದರು.

ಒಂದು ಸುತ್ತು ಮುಗಿಯಿತು. ಅವಳು ಬಯಸಿದ್ದು ಅಷ್ಟೇ. ಡಾಕ್ಟರು ಕೈ ಚಾಚಿದರು, ಸಂಕೋಚದಿಂದ. ಸ್ಪರ್ಧೆಗೆ ಹೊತ್ತಾಗಿತ್ತು.

೬

ಮುಕ್ತಾಯಗಳು. ಬೇಕಾದದ್ದು ಆರಿಸಿಕೊಳ್ಳಿ.

ಅ) ಕಾರು ನಿಂತಿತು. ಅವಳು ರಿಮೋಟು ಕೊಟ್ಟು ನಿಟ್ಟುಸಿರು ಬಿಟ್ಟಳು. (ಅವಳು ಹೊಡೆದುಹಾಕಿದಳು.)

ಆ) ಅತ್ತೆ ಕ್ಲಬ್ಬಿಗೆ ಸೇರಿ ಟ್ರೋಫಿ ಗೆದ್ದರು. (ಅತ್ತೆ ಇದನ್ನು ಹೊಡೆದುಹಾಕಲು ಬಿಡುತ್ತಿಲ್ಲ.)

ಇ) "ನಿಲ್ಸಿ ಕೊಡಿ ಅತ್ತಿಗೆ," ಎಂದರು ಡಾಕ್ಟರು.

"ನಿಲ್ಸಲ್ಲ. ಓಡ್ತಿರೋವಾಗ್ಲೇ ತಗೊಳ್ಳಿ. ಟ್ರಿಗರ್ ಮೇಲೆ ಬೆರಳಿಡಿ. ನನ್ನ ಬೆರಳ ಪಕ್ಕ."

"ಗೋಡೆಗೆ ಹೋಗುತ್ತೆ!"

"ಹೋಗ್ಲಿ. ಕಡ್ಡಿ ಇದೆಯಲ್ಲ."

ಕಾರು ದೊಡ್ಡ ತಿರುವಿಗೆ ಬಂತು, ಅಡ್ಡ ವಾಲಿತು. ಡಾಕ್ಟರ ಬೆರಳು ಟ್ರಿಗರಿಗೆ ಬಂತು. ಅವಳು ಟ್ರಿಗರ್ ಬಿಟ್ಟಳು. ರಿಮೋಟಿನ ಸ್ಟಿಯರಿಂಗ್ ಚಕ್ರ ಇನ್ನೂ ಅವಳ ಕೈಯಲ್ಲೇ. ಆಮೇಲೆ ಅದನ್ನೂ ಬಿಟ್ಟಳು.

"ಮುಂದಿನ ವಾರಾನೂ ರಿಮೋಟು ಇಸ್ಕೋಬಹುದಾ?" ಎಂದು ಕೇಳಿದಳು.

ಡಾಕ್ಟರು ಎರಡೂ ಕೈಯಲ್ಲಿ ರಿಮೋಟು ಹಿಡಿದು ಮುಂದೆ ಬಗ್ಗಿದ್ದಾರೆ. ಕಾರು ತಿರುವಿನ ನಡುವೆ ಇದೆ, ನೀಲಿಯಾಗಿ, ಅಡ್ಡಡ್ಡವಾಗಿ, ಗೋಡೆಗೆ ಒಂದು ಗೇಣು ದೂರದಲ್ಲಿ. ಅತ್ತೆ ಕೂಗಲು ಬಾಯಿ ತೆರೆದಿದ್ದಾರೆ. ನಿಲ್ಲಿಸುವ ವಾಕ್ಯ ನನ್ನ ಹತ್ತಿರ ಇದೆ. ಬರೆಯುವುದಿಲ್ಲ.