ಅಗೆತದ ಪುಸ್ತಕದ ಒಂದು ಪುಟ

ಅರ್ಗೀರಿಸನ ಗೋರಿಯ ಮೇಲೆ ಬೇರೆ ಯಾರದೋ ಫೋಟೋ ಇತ್ತು.

ಸಾಲು ತಪ್ಪಿರಬೇಕೆಂದು ಎವಾಂಥಿಯಾ ಊರುಗೋಲು ಊರುತ್ತ ಹಿಂದಕ್ಕೆ ಹೋಗಿ ಮತ್ತೆ ಎಣಿಸಿಕೊಂಡು ಬಂದಳು. ನೀರಿನ ನಲ್ಲಿ, ನಲ್ಲಿಯಿಂದ ಮೂರನೇ ಸೈಪ್ರೆಸ್ ಮರ, ಮರದಿಂದ ಎಡಕ್ಕೆ ಐದನೆಯದು. ಐದನೆಯದರ ಮೇಲೆ ಹೊಚ್ಚ ಹೊಸ ಅಮೃತಶಿಲೆ, ಅದರಲ್ಲಿ ದಪ್ಪ ಹುಬ್ಬಿನ ಹೆಂಗಸೊಬ್ಬಳು ನಗುತ್ತಿದ್ದಳು. ಎವಾಂಥಿಯಾಳ ಕೈಯಲ್ಲಿ ಎಡೆಯ ತಟ್ಟೆಯಿತ್ತು. ಬೇಯಿಸಿದ ಗೋಧಿ, ದಾಳಿಂಬೆ ಕಾಳು, ಮೇಲೆ ಹರಡಿದ ಸಕ್ಕರೆ ಪುಡಿ, ಅದರ ಮೇಲೆ ಬಾದಾಮಿಯಿಂದ ಕೂರಿಸಿದ ಗಂಡನ ಹೆಸರಿನ ಮೊದಲ ಅಕ್ಷರ. ಸತ್ತವರ ಶನಿವಾರವಾದ್ದರಿಂದ ಸ್ಮಶಾನದ ತುಂಬ ಜನ. ಎಲ್ಲರೂ ಅವರವರ ಗೋರಿಯ ಹತ್ತಿರ ಇದ್ದರು. ಅವಳೊಬ್ಬಳಿಗೆ ತಟ್ಟೆ ಇಡಲು ಜಾಗವಿರಲಿಲ್ಲ.

ಸ್ಮಶಾನದ ಕೆಲಸಗಾರ ನೀರಿನ ಡಬ್ಬ ಹಿಡಿದು ಅತ್ತ ಬಂದ.

"ನಿಮ್ಮೋರನ್ನ ಇಟ್ಟಿದ್ದು ಯಾವಾಗಮ್ಮ?"

"ಮೂರು ವರ್ಷ ಎಂಟು ತಿಂಗಳು."

"ಹಂಗಾದ್ರೆ ತೆಗೆದಿರ್ತಾರೆ ಬಿಡಿ. ನಾನು ಈಸ್ಟರ್ ಆದ್ಮೇಲೆ ಸೇರ್ಕೊಂಡೋನು, ಅದಕ್ಕೆ ಮುಂಚಿಂದು ನಂಗೊತ್ತಿಲ್ಲ. ಪುರಸಭೇಲಿ ಕೇಳಿ."

ಮೂರು ವರ್ಷಕ್ಕೆ ನೆಲ ಬಿಟ್ಟುಕೊಡಬೇಕೆಂಬುದು ಅವಳಿಗೆ ತಿಳಿಯದ್ದೇನಲ್ಲ. ಅಪ್ಪ, ಅಮ್ಮ, ಅತ್ತೆ, ಮೂವರ ಎಲುಬುಗಳನ್ನೂ ಅವಳೇ ನಿಂತು ಮೇಲೆತ್ತಿಸಿದ್ದಳು, ಕೆಂಪು ವೈನಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಪೆಟ್ಟಿಗೆಗೆ ಹಾಕಿ ಎಲುಬಿನ ಮನೆಯಲ್ಲಿ ಇಟ್ಟು ಬಂದಿದ್ದಳು. ಅರ್ಗೀರಿಸನಿಗೂ ಎರಡು ಬಾಟಲಿ ವೈನ್ ತೆಗೆದಿಟ್ಟು ದಿನ ಕಾಯುತ್ತಿದ್ದಳು. ಅಷ್ಟರಲ್ಲಿ ನವೆಂಬರಿನಲ್ಲಿ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡಳು. ಲಾರಿಸಾದ ಆಸ್ಪತ್ರೆಯಲ್ಲಿ ಏಳು ವಾರ, ಆಮೇಲೆ ವೋಲೊಸಿನಲ್ಲಿ ತಂಗಿಯ ಮನೆ. ಊರಿಗೆ ಮರಳಿದ್ದು ಮೊನ್ನೆ. ಅಗೆಯುವ ದಿನ ಯಾರೂ ಬರದಿದ್ದರೆ ಎಲುಬು ಎಲ್ಲಿಗೆ ಹೋಗುತ್ತದೆಂದೂ ಅವಳಿಗೆ ಗೊತ್ತಿತ್ತು. ಹಿಂಗೋಡೆಯ ಮಗ್ಗುಲಿಗೆ ಕಬ್ಬಿಣದ ಮುಚ್ಚಳದ ಗುಂಡಿಯೊಂದಿತ್ತು. ಅದರೊಳಗೆ ಬಿದ್ದ ಮೇಲೆ ಯಾರ ಎಲುಬು ಯಾರದೆಂದು ದೇವರೇ ಹೇಳಬೇಕು.

ಸೋಮವಾರ ಪುರಸಭೆಯ ಬಾಗಿಲು ತೆಗೆಯುವ ಮೊದಲೇ ಅವಳು ಅಲ್ಲಿದ್ದಳು. ಸ್ಮಶಾನದ ಕಡತ ನೋಡಿಕೊಳ್ಳುತ್ತಿದ್ದವಳು ರೊಡೂಲಾ, ಬೇಕರಿ ಸಾಲಿನವಳು. ಚಿಕ್ಕವಳಿದ್ದಾಗಿನಿಂದ ಎವಾಂಥಿಯಾ ಅವಳನ್ನು ಬಲ್ಲಳು. ಅರ್ಗೀರಿಸನ ಹೆಸರು ಕಿವಿಗೆ ಬಿದ್ದದ್ದೇ ರೊಡೂಲಾ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು. ಅವು ಮೊದಲೇ ಜೋಡಿಸಿದ್ದವು.

"ಗುಂಡಿಗೆ ಹೋಗಿರತ್ತೆ, ಎವಾಂಥಿಯಮ್ಮ. ಗೇಟಿಗೆ ನೋಟಿಸ್ ಅಂಟಿಸಿದ್ವಿ, ನಿಮ್ಮ ಮನೆ ಬಾಗಿಲಿಗೂ ಅಂಟಿಸಿದ್ವಿ. ಯಾರೂ ಬರ್ಲಿಲ್ಲ."

"ಹೋಗಿರತ್ತೋ, ಹೋಗಿದ್ಯೋ?"

"ನೋಡ್ಬೇಕು."

"ನೋಡು ಮತ್ತೆ. ಪುಸ್ತಕ ನಿನ್ನ ಬೆನ್ನ ಹಿಂದೇನೇ ಇದೆ."

"ಹಂಗೆಲ್ಲ ತೆಗೆದು ತೋರ್ಸೋ ಹಂಗಿಲ್ಲಮ್ಮ. ಅರ್ಜಿ ಬರ್ಕೊಡಿ."

ಎವಾಂಥಿಯಾ ಅಲ್ಲೇ ಬೆಂಚಿನ ಮೇಲೆ ಕೂತು ಬರೆದಳು. ಐವತ್ತು ದಾಟಿದ ಮೇಲೆ ಅಕ್ಷರ ಕಲಿತವಳು, ಒಂದೊಂದನ್ನೂ ಹೊಲಿಗೆ ಹಾಕಿದಂತೆ ಬರೆಯುತ್ತಿದ್ದಳು. 'ನನ್ನ ಗಂಡ ಅರ್ಗೀರಿಸ್ ಐದನೇ ಗೋರಿಯಲ್ಲಿ ಇದ್ದ. ಈಗ ಇಲ್ಲ. ಅವನು ಎಲ್ಲಿದ್ದಾನೆ? ದಯವಿಟ್ಟು ಹೇಳಿ.' ರೊಡೂಲಾ ಅದನ್ನು ಓದಿ, ಎರಡಾಗಿ ಮಡಿಸಿ, ಡ್ರಾಯರಿನೊಳಗೆ ಹಾಕಿದಳು.

ಉತ್ತರ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಒಂದೇ ಸಾಲು: 'ನಿಮ್ಮ ಪ್ರಶ್ನೆಗೆ ಸಂಬಂಧಿಸಿದಂತೆ, ಪುರಸಭೆಯು ಸ್ಮಶಾನ ನಿಯಮಾವಳಿಯ ಪ್ರಕಾರ ಕ್ರಮ ಕೈಗೊಂಡಿರುತ್ತದೆ.' ಅವಳು ಅದನ್ನು ಮೂರು ಸಲ ಓದಿದಳು. ಮೂರನೆಯ ಸಲವೂ ಅದರಲ್ಲಿ ಅರ್ಗೀರಿಸ್ ಇರಲಿಲ್ಲ.

ಆ ಕಾಗದವನ್ನು ಹಿಡಿದು ಅವಳು ಪಕ್ಕದ ಮನೆಯ ಸ್ಟೆರ್ಯೋಸನನ್ನು ಹುಡುಕಿಕೊಂಡು ಚೌಕದ ಕಾಫಿ ಅಂಗಡಿಗೆ ಹೋದಳು. ಮೂವತ್ತೊಂದು ವರ್ಷ ಭೂದಾಖಲೆ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕನ್ನಡಕ ಹಣೆಗೇರಿಸಿ ಕಾಗದ ಓದಿದವನೇ ಹೊಟ್ಟೆ ಕುಣಿಸಿ ನಕ್ಕ.

"ಯಾರು ಕಲಿಸಿದ್ರು ನಿಂಗೆ ಅರ್ಜಿ ಬರೆಯೋದು? ಪಾದ್ರಿನಾ?"

"ನಗಬೇಡ ಸ್ಟೆರ್ಯೋಸ್. ಕೇಳಿದ್ದು ತಪ್ಪಾ?"

"ತಪ್ಪೇ ಮತ್ತೆ. ನೀನು ಪ್ರಶ್ನೆ ಕೇಳಿದೀಯ. ಪ್ರಶ್ನೆ ಕೇಳಿದ್ರೆ ಅವರು ಉತ್ತರ ಕೊಡ್ತಾರೆ, ಇದೋ ಇಂಥದ್ದು. ಉತ್ತರ ತಗೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ? ಕಾಗದ ಕೇಳು. ಅವನು ಎಲ್ಲಿದಾನೆ ಅಂತ ಹೇಳೋ ಬಾಧ್ಯತೆ ಅವರಿಗಿಲ್ಲ ಕಣಮ್ಮ. ಇರೋ ಪುಸ್ತಕದ ನಕಲು ಕೊಡೋ ಬಾಧ್ಯತೆ ಇದೆ."

"ಯಾವ ಪುಸ್ತಕ?"

"ಅಗೆತದ ಪುಸ್ತಕ. ಯಾರನ್ನ ತೆಗೆದ್ರು, ಯಾವ ದಿನ, ಎದುರಿಗೆ ಯಾರಿದ್ರು, ಎಲುಬು ಎಲ್ಲಿಗೆ ಹೋಯ್ತು, ಎಲ್ಲಾ ಅದರಲ್ಲಿ ಬರೀಲೇಬೇಕು. ಸರಿಯಾಗಿ ಹೆಸರು ಹೇಳಿ ಕೇಳು: ನವೆಂಬರ್ ಒಂದನೇ ತಾರೀಖಿಂದ ಮೇ ಕೊನೇವರೆಗೆ, ಇಂಥ ಹೆಸರಿನ ಪುಟದ ನಕಲು. ಅಳಬೇಡ, ದಯವಿಟ್ಟು ಅನ್ನಬೇಡ, ಯಾಕೆ ಬೇಕು ಅಂತ ಕಥೆ ಹೇಳಬೇಡ. ಹೆಂಡ್ತಿ ಅಂತ ಹಾಕು, ಸಾಕು. ಮತ್ತೆ ಆ ಹುಡುಗಿ ಕೈಗೆ ಕೊಡಬೇಡ."

"ಮತ್ತ್ಯಾರಿಗೆ?"

"ಕೆಳಗಡೆ ಕಾಗದ ತಗೊಳ್ಳೋ ಆವಕ ಶಾಖೆ ಇದೆಯಲ್ಲ, ಅಲ್ಲಿ. ಸೀಲು ಬೀಳಬೇಕು, ನಂಬರು ಬೀಳಬೇಕು. ನಂಬರು ಬಿದ್ದ ಕಾಗದಕ್ಕೆ ಇಪ್ಪತ್ತು ದಿನ ಗಡುವು. ನಂಬರಿಲ್ಲದ ಕಾಗದ ಇದೆಯಲ್ಲ, ಅದು ಹುಟ್ಟೇ ಇಲ್ಲ. ಕೊಡಲ್ಲ ಅಂದ್ರೆ, ಹಾಗಂತ ಬರ್ಕೊಡಿ ಅನ್ನು. ಅದನ್ನ ಬರ್ಕೊಡೋ ಧೈರ್ಯ ನಮ್ಮ ಕಚೇರೀಲಿ ಒಬ್ಬನಿಗೂ ಇರಲಿಲ್ಲ." ಅವನು ಪಗಡೆ ಕಾಯಿ ಎತ್ತಿಕೊಂಡ. "ನನಗೂ ಇರಲಿಲ್ಲ."

ಎರಡನೆಯ ಅರ್ಜಿಗೆ ಸೀಲು ಬಿತ್ತು. ನಂಬರು ನಾಲ್ಕು ಸಾವಿರದ ನಾನೂರ ಹದಿನೇಳು. ಎವಾಂಥಿಯಾ ಅದನ್ನು ಕ್ಯಾಲೆಂಡರಿನ ಮೇಲೆ ಬರೆದು, ದಿನಕ್ಕೊಂದು ಗೆರೆ ಎಳೆಯುತ್ತ ಬಂದಳು. ಹನ್ನೆರಡನೆಯ ದಿನ ತರಕಾರಿ ಸಂತೆಯಲ್ಲಿ ರೊಡೂಲಾ ಎದುರಾಗಿ ಅವಳ ಮೊಣಕೈ ಹಿಡಿದಳು.

"ಎವಾಂಥಿಯಮ್ಮ, ಬಿಟ್ಟುಬಿಡಿ. ಆ ಪುಟ ನಿಮಗೆ ಬೇಡ."

"ಯಾಕೆ ಮಗಳೇ?"

"ನಿಮಗೆ ಸಂಕಟ ಆಗತ್ತೆ."

"ಗುಂಡಿಗೆ ಹಾಕಿದ್ರೆ ಹಾಕಿದೀವಿ ಅಂತ ಬರೆದಿರತ್ತೆ. ಅದಕ್ಕಿಂತ ಸಂಕಟ ಇನ್ನೇನಿದೆ? ಗುಂಡಿ ಬಾಯಿಗಾದ್ರೂ ಒಂದು ದೀಪ ಇಟ್ಟು ಬರ್ತೀನಿ. ಅದೂ ಗೊತ್ತಿಲ್ದೆ ನಾನು ಎಲ್ಲಿ ಇಡಲಿ?"

ರೊಡೂಲಾ ಮೊಣಕೈ ಬಿಟ್ಟು, ಟೊಮೆಟೊ ಕೊಳ್ಳದೆ ಹೊರಟುಹೋದಳು.

ಇಪ್ಪತ್ತೊಂದನೆಯ ದಿನ, ಶುಕ್ರವಾರ, ಎವಾಂಥಿಯಾ ಸೀಲು ಬಿದ್ದ ಪ್ರತಿಯನ್ನು ಮೇಜಿನ ಮೇಲೆ ಇಟ್ಟಳು. "ಕೊಡು. ಇಲ್ಲಾ, ಕೊಡಲ್ಲ ಅಂತ ಬರ್ಕೊಡು." ರೊಡೂಲಾ ಡ್ರಾಯರಿನಿಂದ ಲಕೋಟೆ ತೆಗೆದಳು. ಅದರ ಅಂಚು ಮೆತ್ತಗಾಗಿತ್ತು, ಎಷ್ಟೋ ಸಲ ಹೊರಗೆ ತೆಗೆದು ಒಳಗಿಟ್ಟಂತೆ.

"ಇಲ್ಲಿ ಓದಬೇಡಿ. ಮನೆಗೆ ಹೋಗಿ ಓದಿ."

ಎವಾಂಥಿಯಾ ಅಲ್ಲೇ ನಿಂತು ಓದಿದಳು. ಬೆರಳನ್ನು ಗೆರೆಯ ಕೆಳಗೆ ಸರಿಸುತ್ತ ಒಂದೊಂದೇ ಕಾಲಂ ದಾಟಿದಳು. ಮೃತರ ಹೆಸರು, ಸರಿ. ಅಗೆದ ದಿನ, ಜನವರಿ ಹದಿನೇಳು. ವೈನಿನಲ್ಲಿ ತೊಳೆಯಲಾಗಿದೆಯೇ, ಹೌದು. ಅವಳ ಬೆರಳು ನಿಂತಿತು. ಗುಂಡಿಗೆ ಹಾಕುವುದನ್ನು ಯಾರೂ ತೊಳೆಯುವುದಿಲ್ಲ. ಎದೆ ಒಮ್ಮೆಲೇ ಹಗುರಾಯಿತು. ತಂಗಿ ಗುಟ್ಟಾಗಿ ಬಂದು ಹೋದಳೇ? ಬೆರಳು ಮುಂದೆ ಸರಿಯಿತು. ಎಲುಬಿನ ಮನೆ, ಪೆಟ್ಟಿಗೆ ಇನ್ನೂರ ಹನ್ನೆರಡು. ಪಡೆದವರು: ಜೀಸಿಸ್ ಕರಾಜಾಸ್. ಮೃತರಿಗೆ ಸಂಬಂಧ: ಚಾಲಕ.

ಅವಳಿಗೆ ಕೇಳಿಸುವುದು ನಿಂತುಹೋಯಿತು. ಕೆಳಗಡೆ ಸೀಲು ಬೀಳುವ ಸದ್ದು, ಕಾರಿಡಾರಿನ ಮಾತು, ಫ್ಯಾನು, ಎಲ್ಲವೂ ದೂರ ಹೋದವು. ಊರುಗೋಲು ನೆಲಕ್ಕೆ ಬಿದ್ದದ್ದು ಅವಳಿಗೆ ತಿಳಿಯಲಿಲ್ಲ. ರೊಡೂಲಾ ಓಡಿ ಬಂದು ಕುರ್ಚಿ ಸರಿಸಿ ಅವಳನ್ನು ಕೂರಿಸಿದಳು.

ಅಕ್ಟೋಬರಿನ ಒಂದು ಸಂಜೆ, ಕಾಲುವೆಯ ರಸ್ತೆ. ಅರ್ಗೀರಿಸ್ ಸೈಕಲ್ಲಿನ ಹಿಂದೆ ಸೊಪ್ಪಿನ ಕಟ್ಟು ಕಟ್ಟಿಕೊಂಡು ಬರುತ್ತಿದ್ದ. ಹತ್ತಿ ತುಂಬಿದ ಲಾರಿ. ಸೂರ್ಯ ಕಣ್ಣಿಗೆ ಹೊಡೆಯಿತು ಎಂದು ಲಾರಿ ಓಡಿಸುತ್ತಿದ್ದ ಜೀಸಿಸ್ ಕೋರ್ಟಿನಲ್ಲಿ ಹೇಳಿದ್ದ. ಶಿಕ್ಷೆ ಕಾಗದದ ಮೇಲೆ ಉಳಿಯಿತು, ಜೈಲಿಗೆ ಹೋಗಲಿಲ್ಲ. ಅದಕ್ಕೂ ಮುಂಚೆ, ಮಣ್ಣು ಮಾಡುವ ದಿನ, ಅವನು ಎಲ್ಲರಿಗಿಂತ ಹಿಂದೆ ನಿಂತಿದ್ದು, ಕೊನೆಗೆ ಒಂದು ಹಿಡಿ ಮಣ್ಣೆತ್ತಿಕೊಂಡು ಗುಣಿಯ ಹತ್ತಿರ ಬಂದಿದ್ದ. ಎವಾಂಥಿಯಾ ಅವನ ಮಣಿಕಟ್ಟಿಗೆ ಹೊಡೆದು ಮಣ್ಣು ಚೆಲ್ಲಿಸಿದ್ದಳು. "ಆ ಕೈ ಇನ್ನೊಂದು ಸಲ ಅವನ ಮೇಲೆ ಬೀಳಕೂಡದು," ಎಂದು ಇಡೀ ಊರಿಗೆ ಕೇಳುವಂತೆ ಕೂಗಿದ್ದಳು.

"ಆ ಕೈ," ಎಂದಳು ಈಗ.

ರೊಡೂಲಾ ಬಾಗಿಲು ಮುಂದೆ ಮಾಡಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತಳು. "ಅಗೆಯೋ ದಿನ ಪುಸ್ತಕ ಬರೆಯೋಕೆ ನಾನೂ ಹೋಗಿದ್ದೆ. ಅವನು ಬೆಳಿಗ್ಗೆ ಏಳಕ್ಕೇ ಗೇಟಿನ ಹತ್ರ ನಿಂತಿದ್ದ. ಮಂಜು ಸುರೀತಿತ್ತು. ಎರಡು ಗಂಟೆ ನಿಮ್ಮ ಕಡೆಯೋರಿಗೆ ಕಾದ್ವಿ, ಎವಾಂಥಿಯಮ್ಮ. ಆಮೇಲೆ ಗುಂಡಿ ಮುಚ್ಚಳ ತೆಗೀತಿದ್ದಾಗ ಅವನು ಒಳಗೆ ಬಂದ. ಗುಂಡಿಗೆ ಬೇಡ, ನಂಗೆ ಕೊಡಿ, ಅಂದ. ರಕ್ತಸಂಬಂಧ ಇಲ್ದೋರಿಗೆ ಕೊಡೋ ಹಂಗಿಲ್ಲ. ನಾನೇ ಅಂದೆ, ಅವನ ಸೋದರಸಂಬಂಧಿ ಅಂತ ಬರಿ ಮಾರಾಯ, ಯಾರು ನೋಡ್ತಾರೆ ಅಂತ. ಕೇಳಲಿಲ್ಲ. ಪೆನ್ನು ಕಿತ್ಕೊಂಡು ತಾನೇ ಬರೆದ."

"ಏನು ಮಾಡ್ದ ಅವನು? ತೊಳೆದ್ನಾ?"

"ತೊಳೆದ. ವೈನ್ ತಂದಿದ್ದ."

"ಆ ಚಳೀಲಿ?"

"ಮಧ್ಯಾಹ್ನದವರೆಗೆ. ಬೆರಳಿನ ಸಣ್ಣ ಸಣ್ಣ ಎಲುಬು ಇರತ್ತಲ್ಲ, ಅಗೆಯೋರು ಅದನ್ನೆಲ್ಲ ಯಾವತ್ತೂ ಹುಡುಕಲ್ಲ. ಇವನು ಮಣ್ಣು ಜರಡಿ ಹಿಡಿದು ಹುಡುಕಿದ." ರೊಡೂಲಾ ಬಿದ್ದಿದ್ದ ಊರುಗೋಲನ್ನು ಎತ್ತಿ ಕುರ್ಚಿಗೆ ಆನಿಸಿದಳು. "ಯಾರಾದ್ರೂ ದೂರು ಕೊಟ್ರೆ ನನ್ನ ಕೆಲಸ ಹೋಗತ್ತೆ. ಅದಕ್ಕೇ ಗುಂಡಿ ಅಂದೆ. ಗುಂಡಿ ಅಂದ್ರೆ ನೀವು ಅತ್ತು ಸುಮ್ಮನಾಗ್ತೀರಿ ಅನ್ಕೊಂಡಿದ್ದೆ."

ಅವಳು ಡ್ರಾಯರಿನ ಮೂಲೆಯಿಂದ ದಾರ ಕಟ್ಟಿದ ಸಣ್ಣ ಬೀಗದಕೈಯೊಂದನ್ನು ತೆಗೆದು ಎವಾಂಥಿಯಾಳ ಅಂಗೈಯಲ್ಲಿಟ್ಟಳು. "ಪೆಟ್ಟಿಗೇದು. ಎರಡಿತ್ತು. ಒಂದು ನಿಮಗೆ ಅಂತ ಅವತ್ತೇ ಬಿಟ್ಟು ಹೋದ."

ಎವಾಂಥಿಯಾ ಬೀಗದಕೈಯನ್ನು ನೋಡುತ್ತ ಕೂತಳು. ಆರು ತಿಂಗಳಿಂದ ಅದು ಈ ಡ್ರಾಯರಿನಲ್ಲಿತ್ತು. ಅವಳ ಮೊದಲನೆಯ ಅರ್ಜಿಯೂ ಅದರ ಪಕ್ಕದಲ್ಲೇ ಮಡಿಚಿ ಬಿದ್ದಿತ್ತು.

ಮಾರನೆಯ ದಿನ ಶನಿವಾರ. ಬಿಸಿಲೇರುವ ಮುಂಚೆ ಅವಳು ಸ್ಮಶಾನಕ್ಕೆ ಹೋದಳು. ಕೆಲಸಗಾರ ಎಲುಬಿನ ಮನೆಯ ಬಾಗಿಲು ತೆಗೆದುಕೊಟ್ಟ.

"ಇನ್ನೂರ ಹನ್ನೆರಡಾ? ಅಲ್ಲಿ ಕೆಳಗಿನ ಸಾಲು. ಅದಕ್ಕೆ ದೀಪ ಹಚ್ಚೋ ಅಣ್ಣ ಈಗಷ್ಟೇ ಬಂದು ಹೋದ. ಶನಿವಾರ ತಪ್ಪಿಸಲ್ಲ ಪುಣ್ಯಾತ್ಮ. ನಿಮಗೇನಾಗಬೇಕು ಅವನು?"

ಅವಳು ಊರುಗೋಲು ಊರುತ್ತ ಒಳಗೆ ಹೋದಳು.

ಒಳಗೆ ತಂಪಿತ್ತು. ಗೋಡೆಯುದ್ದಕ್ಕೂ ಗೂಡುಗಳು, ಗೂಡಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಫೋಟೋ. ಇನ್ನೂರ ಹನ್ನೆರಡರ ಮುಂದೆ ಗಾಜಿನ ಲೋಟದಲ್ಲಿ ದೀಪ ಉರಿಯುತ್ತಿತ್ತು. ಪೆಟ್ಟಿಗೆಯ ಮೇಲೆ ಅರ್ಗೀರಿಸನ ಹೆಸರು, ಅದರ ಮೇಲೆ ಫೋಟೋ ಇಲ್ಲದ ಖಾಲಿ ಚೌಕಟ್ಟು. ಚೌಕಟ್ಟಿನ ಗಾಜನ್ನೂ ಒರೆಸಿಟ್ಟಿದ್ದರು. ಸೊಂಟ ಬಾಗದೆ ಅವಳು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಸಿದು, ಬೀಗ ತೆಗೆದಳು.

ಬಿಳಿ ಬಟ್ಟೆ, ಇಸ್ತ್ರಿಯ ಮಡಿಕೆ ಇನ್ನೂ ಹಾಗೇ ಇತ್ತು. ಅದನ್ನು ಬಿಡಿಸಿದಾಗ ಒಣಗಿದ ವೈನಿನ ವಾಸನೆ ಬಂತು. ಅವಳು ತಲೆಬುರುಡೆಯನ್ನು ನೋಡಲಿಲ್ಲ, ಎಡಗಾಲಿನ ಎಲುಬನ್ನು ಹುಡುಕಿದಳು. ಮದುವೆಯಾದ ವರ್ಷ ಹತ್ತಿಯ ಗಿರಣಿಯಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡದ್ದು. ನಲವತ್ತು ವರ್ಷ ರಾತ್ರಿಯೆಲ್ಲ ಅವಳೇ ಎಣ್ಣೆ ಹಚ್ಚಿ ತಿಕ್ಕಿದ ಕಾಲು. ಸೊಟ್ಟ ಇದ್ದಲ್ಲೇ ಇತ್ತು. ಅವನೇ. ಒಂದು ಸಣ್ಣ ಪೊಟ್ಟಣದಲ್ಲಿ ಬೆರಳುಗಳ ಎಲುಬು ಬೇರೆಯಾಗಿದ್ದವು. ಅಪ್ಪನ ಎಲುಬನ್ನು ಅವಳು ತೊಳೆದಾಗಲೂ ಇಷ್ಟು ಬೆಳ್ಳಗಾಗಿರಲಿಲ್ಲ.

ಬಟ್ಟೆಯನ್ನು ಮತ್ತೆ ಅದೇ ಮಡಿಕೆಯಲ್ಲಿ ಮುಚ್ಚಿ, ಬೀಗ ಹಾಕಿದಳು. ಆಮೇಲೆ ಎರಡು ಬೆರಳಿನಿಂದ ದೀಪದ ಬತ್ತಿಯನ್ನು ಹಿಸುಕಿ ಆರಿಸಿದಳು.

ಹೊಗೆಯ ಎಳೆಯೊಂದು ಮೇಲೆದ್ದು ಮೇಲಿನ ಗೂಡಿನವರ ಫೋಟೋವನ್ನು ಸವರಿಕೊಂಡು ಹೋಯಿತು. ಹೊರಗೆ ನಲ್ಲಿಯಿಂದ ಡಬ್ಬಕ್ಕೆ ನೀರು ಬೀಳುತ್ತಿತ್ತು, ತುಂಬಿತು, ನಿಂತಿತು. ಆರಿದ ಬತ್ತಿಯನ್ನು ಎತ್ತಿಟ್ಟು, ಚೀಲದಿಂದ ತಾನು ತಂದ ಹೊಸ ಬತ್ತಿಯನ್ನು ತೆಗೆದು ಲೋಟದೊಳಗೆ ತೇಲಿಬಿಟ್ಟಳು. ಮೊದಲನೆಯ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು.

ಬತ್ತಿ ಅವಳದು, ಬೆಂಕಿ ಅವಳದು. ಎಣ್ಣೆ ಮಾತ್ರ ಬೆಳಿಗ್ಗೆ ಅವನು ಹಾಕಿಹೋದದ್ದೇ ಇತ್ತು, ಲೋಟದ ಅಂಚಿನವರೆಗೆ.